ಬೆಂಕಿರೋಗದ ಲೆಕ್ಕ ಕಡಲಹುಲ್ಲಿಗೆ ಹೊಂದುತ್ತದೆಯೇ?

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನವಳು. ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದೇನೆ. ನಾಲೆ ಬಯಲಿನ ಭತ್ತದಲ್ಲಿ ಬೆಂಕಿರೋಗದ ಮುನ್ಸೂಚನೆ ನನ್ನ ವಿಷಯ. ಹೊರದೇಶದ ಒಂದು ಲ್ಯಾಬ್ ‘ಕಡಲ ಸಸ್ಯಗಳ ರೋಗದ ಮಾಡೆಲಿಂಗ್’ಗೆ ಎರಡು ವರ್ಷದ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಕರೆದಿದೆ. ಆರ್ ಭಾಷೆಯಲ್ಲಿ ಕೋಡ್ ಬರೆಯುತ್ತೇನೆ, ಹವಾಮಾನದ ದತ್ತಾಂಶ ಬಳಸಿ ಗೊತ್ತಿದೆ. ಆದರೆ ಕಡಲನ್ನು ಕಂಡಿರುವುದು ಪ್ರವಾಸಕ್ಕೆ ಹೋದಾಗ ಮಾತ್ರ. ಅರ್ಜಿ ಹಾಕಬಹುದೇ? ನನ್ನ ಮಾಡೆಲ್ ಅಲ್ಲಿ ನಡೆಯುತ್ತದೆಯೇ? ಇಲ್ಲೇ ಕುಳಿತು ಏನೇನು ಕಲಿತುಕೊಳ್ಳಬಹುದು?

ಉತ್ತರ: ಅರ್ಜಿ ಹಾಕಿ. ಕಡಲಿನ ಒಡನಾಟ ಇಲ್ಲದಿರುವುದು ಇಲ್ಲಿ ದೊಡ್ಡ ಕೊರತೆಯಲ್ಲ. ಸಮುದ್ರಜೀವಿಗಳನ್ನು ಬಲ್ಲವರು ಇಂಥ ಲ್ಯಾಬ್‌ಗಳಲ್ಲಿ ಸಾಕಷ್ಟು ಜನ ಇರುತ್ತಾರೆ. ಎಲೆಯ ಮೇಲಿನ ರೋಗ ದಿನದಿಂದ ದಿನಕ್ಕೆ ಹೇಗೆ ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ಇಳಿಸಬಲ್ಲವರು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದರೆ ಬೆಂಕಿರೋಗದ ಮಾಡೆಲನ್ನು ಹಾಗೇ ಕಿತ್ತು ಕಡಲಲ್ಲಿ ನಾಟಿ ಮಾಡಿದರೆ ಬೇರು ಹಿಡಿಯುವುದಿಲ್ಲ. ಏನನ್ನು ಜೊತೆಗೆ ಒಯ್ಯಬೇಕು, ಏನನ್ನು ಇಲ್ಲೇ ಬಿಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಜಾಹೀರಾತಿನಲ್ಲಿ ‘ಕಡಲ ಸಸ್ಯ’ ಎಂದಷ್ಟೇ ಇದ್ದರೆ, ಅದು ಕಡಲಹುಲ್ಲೋ ಕಡಲಪಾಚಿಯೋ ಎಂದು ಮೊದಲು ವಿಚಾರಿಸಿ. ಎರಡೂ ಬೇರೆ ಬೇರೆ ಲೋಕ. ಕಡಲಹುಲ್ಲು ನಿಜವಾದ ಹೂಬಿಡುವ ಸಸ್ಯ. ಅದಕ್ಕೆ ಬೇರು, ನೆಲದೊಳಗೆ ಹರಿಯುವ ಗೆಡ್ಡೆಕಾಂಡ, ಎಲೆ, ಹೂವು ಎಲ್ಲ ಇವೆ. ಪರಾಗಸ್ಪರ್ಶವೂ ಹೆಚ್ಚಾಗಿ ನೀರಿನೊಳಗೇ ನಡೆಯುತ್ತದೆ. ಭತ್ತದ ಹಾಗೆ ಏಕದಳ ಸಸ್ಯ. ನಮ್ಮ ಕೆರೆಗಳಲ್ಲಿರುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳೂ ತಮಿಳುನಾಡು–ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿಯ ಎನ್‌ಹಾಲಸ್, ತಲಾಸಿಯಾ, ಹ್ಯಾಲೋಫಿಲಾ ಎಂಬ ಕಡಲಹುಲ್ಲುಗಳೂ ಒಂದೇ ಕುಟುಂಬಕ್ಕೆ ಸೇರಿದವು. ಕಡಲಪಾಚಿಗೆ ಬೇರೂ ಇಲ್ಲ, ಹೂವೂ ಇಲ್ಲ. ಅದರ ರೋಗದ ಕೆಲಸ ಹೆಚ್ಚಾಗಿ ಸಾಕಣೆಯ ಸುತ್ತ ನಡೆಯುತ್ತದೆ, ಅಲ್ಲಿಗೆ ಬೇಕಾದ ಮಾಡೆಲ್ ಕೂಡ ಬೇರೆ ಜಾತಿಯದು. ಪಾಚಿಯ ವಿಷಯಕ್ಕೆ ಆಮೇಲೆ ಬರೋಣ.

ಕಡಲಹುಲ್ಲು ಎಂದಾದರೆ, ಶೀತ ಮತ್ತು ಸಮಶೀತೋಷ್ಣ ಕಡಲುಗಳಲ್ಲಿ ಬಹುಪಾಲು ಕೆಲಸ ಜೋಸ್ಟೆರಾ ಮರೀನಾ ಎಂಬ ಪ್ರಭೇದದ ಮೇಲೆ, ಅದರ ‘ವೇಸ್ಟಿಂಗ್’ (ಸೊರಗು) ರೋಗದ ಮೇಲೆ ನಡೆಯುತ್ತದೆ. 1930ರ ದಶಕದ ಆರಂಭದಲ್ಲಿ ಉತ್ತರ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಈ ಹುಲ್ಲಿನ ಸುಮಾರು 90% ಅಳಿಸಿಹೋಯಿತು. ಆ ಎಲೆಯ ಮೇಲಷ್ಟೇ ಬದುಕುತ್ತಿದ್ದ ಲೋಟಿಯಾ ಅಲ್ವಿಯಸ್ ಎಂಬ ಸಣ್ಣ ಚಿಪ್ಪುಜೀವಿ ಅದರ ಜೊತೆಯಲ್ಲೇ ನಿರ್ನಾಮವಾಯಿತು. ರೋಗಾಣು ಯಾವುದೆಂದು ಪ್ರಯೋಗದಿಂದ ಖಚಿತವಾದದ್ದು 1980ರ ದಶಕದ ಕೊನೆಯಲ್ಲಿ. ಅದಕ್ಕೆ ಲ್ಯಾಬಿರಿಂಥುಲಾ ಜೋಸ್ಟೆರೇ ಎಂಬ ಹೆಸರು ಸಿಕ್ಕಿದ್ದು 1991ರಲ್ಲಿ. ಇದು ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಬೆಳೆಗಳಿಗೆ ಕೊಳೆರೋಗ ತರುವ ಪಿಥಿಯಂ, ಫೈಟಾಫ್ತೊರಾ ಸೇರಿರುವ ಸ್ಟ್ರಾಮೆನೋಪೈಲ್ ಎಂಬ ದೊಡ್ಡ ಗುಂಪಿನ ಏಕಕೋಶಜೀವಿ. ನೂಲುವ ಕದಿರಿನ ಆಕಾರದ ಕೋಶಗಳು ತಾವೇ ಹೆಣೆದ ಲೋಳೆಯ ಜಾಲದಲ್ಲಿ ಜಾರುತ್ತ ಎಲೆಯೊಳಗೆ ಹಬ್ಬುತ್ತವೆ. ಎಲೆಯ ಮೇಲೆ ಕಂದುಗಪ್ಪು ಮಚ್ಚೆ ಮೂಡಿ, ಅಂಚು ಕಪ್ಪಾಗಿ, ಉದ್ದಕ್ಕೆ ಹರಿದು, ಹಸಿರು ಭಾಗವನ್ನು ತುಂಡರಿಸುತ್ತದೆ.

ಮಾಡೆಲ್ ಕಟ್ಟುವವರು ಈ ಜೀವಿಯ ಬಗ್ಗೆ ಒಂದು ಮಾತನ್ನು ಮೊದಲ ದಿನವೇ ತಿಳಿದಿರಬೇಕು. ಮಚ್ಚೆಯೇ ಇಲ್ಲದ, ಚೆನ್ನಾಗಿ ಕಾಣುವ ಎಲೆಯಲ್ಲೂ ಲ್ಯಾಬಿರಿಂಥುಲಾ ಸಿಗುತ್ತದೆ. ರೋಗಾಣುವಿನ ಡಿಎನ್‌ಎ ಅಳೆಯುವ ಕ್ಯೂಪಿಸಿಆರ್‌ನಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಆ ಎಲೆ ರೋಗಿ ಎಂದು ಬರೆಯುವಂತಿಲ್ಲ. ಮಚ್ಚೆ ನೋಡಿ ಬರೆದ ರೋಗವ್ಯಾಪ್ತಿ (ರೋಗ ಕಂಡ ಎಲೆಗಳ ಪಾಲು), ಡಿಎನ್‌ಎ ನೋಡಿ ಬರೆದ ಸೋಂಕಿನ ಪ್ರಮಾಣ ಎರಡನ್ನೂ ಒಂದೇ ಕಾಲಂಗೆ ತುಂಬಬೇಡಿ.

ಈಗ ನಿಮ್ಮ ಮಾಡೆಲಿನ ವಿಷಯ. ಬೆಂಕಿರೋಗದ ಮುನ್ಸೂಚನೆಯ ಜೀವಾಳ ಎಲೆ ಎಷ್ಟು ಗಂಟೆ ಒದ್ದೆಯಾಗಿತ್ತು, ಗಾಳಿಯ ತೇವ ಎಷ್ಟಿತ್ತು, ರಾತ್ರಿಯ ತಾಪ ಎಷ್ಟಿತ್ತು ಎಂಬುದು. ಕಡಲಲ್ಲಿ ಎಲೆ ಸದಾ ಒದ್ದೆ. ಹಾಗಾಗಿ ಸೋಂಕು ತಗಲುವ ಅವಕಾಶಕ್ಕೆ ನೀವು ಹಾಕಿದ್ದ ಬಾಗಿಲೇ ಅಲ್ಲಿಲ್ಲ. ತೇವದ ಜಾಗಕ್ಕೆ ಉಪ್ಪಿನಂಶ ಬರುತ್ತದೆ. ನದಿನೀರು ಸೇರಿ ಲವಣಾಂಶ ಬಹಳ ಕಡಿಮೆಯಾಗುವ ಅಳಿವೆಗಳಲ್ಲಿ ರೋಗ ತಣ್ಣಗಿರುತ್ತದೆ. 1930ರ ದಶಕದಲ್ಲಿ ಉಳಿದುಕೊಂಡ ಹುಲ್ಲು ಹೆಚ್ಚಾಗಿ ಅಂಥ ಜಾಗಗಳದ್ದೇ. ಬೀಜಕ ಗಾಳಿಯಲ್ಲಿ ತೇಲಿಬರುವ ಲೆಕ್ಕವನ್ನೂ ಬಿಡಬೇಕು. ಮುಖ್ಯ ದಾರಿ ಎಲೆಗೆ ಎಲೆ ತಾಗುವುದು. ನೀರಿನ ಮೂಲಕವೂ ಹರಡಬಹುದು, ಕಿತ್ತು ತೇಲಿಹೋದ ರೋಗದ ಎಲೆಗಳ ಮೂಲಕವೂ ಹರಡಬಹುದು. ನೀವು ಜೊತೆಗೆ ಒಯ್ಯಬೇಕಾದದ್ದು ದರಗಳನ್ನು ಅಳೆಯುವ ಅಭ್ಯಾಸವನ್ನು: ಸಸ್ಯರೋಗ ವಿಜ್ಞಾನಿ ವ್ಯಾನ್ ಡರ್ ಪ್ಲಾಂಕ್ ಅವರ ‘ಆರ್’ (ರೋಗ ಏರುವ ದರ) ಲೆಕ್ಕ, ರೋಗವ್ಯಾಪ್ತಿ ಮತ್ತು ರೋಗತೀವ್ರತೆಯನ್ನು (ಎಲೆಯ ವಿಸ್ತೀರ್ಣದಲ್ಲಿ ಮಚ್ಚೆಯ ಪಾಲು) ಬೇರ್ಪಡಿಸಿ ನೋಡುವ ಕಣ್ಣು, ವಾರವಾರದ ಅಂಕಿಗಳ ಶಿಸ್ತು.

ಈ ಕೆಲಸದ ತಿರುಳು ಎಲೆಯ ವಯಸ್ಸಿನಲ್ಲಿದೆ. ಕಡಲಹುಲ್ಲಿನ ಎಲೆ ಬುಡದಿಂದ ಬೆಳೆಯುತ್ತದೆ. ಹೊಸ ಎಲೆ ತೆಂಡೆಯ (ಬುಡದಿಂದ ಎದ್ದ ಎಲೆಗಳ ಒಂದು ಕುಚ್ಚು) ಒಳಗಿನಿಂದ ಬರುತ್ತಿರುತ್ತದೆ, ಹಳೆಯದು ಹೊರಗೆ ಸರಿದು ಉದುರುತ್ತಿರುತ್ತದೆ. ರೋಗ ಹೆಚ್ಚಾಗಿ ಕಾಣುವುದು ಹೊರಗಿನ ಹಳೆಯ ಎಲೆಗಳಲ್ಲಿ, ತುದಿಯ ಕಡೆಗೆ. ಅಂದರೆ ಗಿಡ ಎಡೆಬಿಡದೆ ರೋಗವನ್ನು ಕಳಚಿ ಹಾಕುತ್ತಲೇ ಇರುತ್ತದೆ. ರೋಗ ಗೆಲ್ಲುವುದು ಅದರ ವೇಗ ಈ ಕಳಚುವ ವೇಗವನ್ನು ಮೀರಿದಾಗ. ಎಲೆ ಬದಲಾಗುವ ದರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮಾಡೆಲ್ ಎಷ್ಟೇ ಅಂದವಾಗಿ ಅಂಕಿಗಳಿಗೆ ಹೊಂದಿದರೂ ನಂಬಬೇಡಿ.

ಒಂದು ಎಲೆಯನ್ನು ಹತ್ತಿರದಿಂದ ನೋಡಿ. ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಎಲೆಯ ಅಗಲ 5 ಮಿಲಿಮೀಟರ್, ಉದ್ದ 30 ಸೆಂಟಿಮೀಟರ್, ವಿಸ್ತೀರ್ಣ 15 ಚದರ ಸೆಂಟಿಮೀಟರ್. ಮಚ್ಚೆ 1.5 ಚದರ ಸೆಂಟಿಮೀಟರ್, ಅಂದರೆ ತೀವ್ರತೆ 10%. ಮಚ್ಚೆ ದಿನಕ್ಕೆ 0.3 ಚದರ ಸೆಂಟಿಮೀಟರಿನಂತೆ ಹಿಗ್ಗುತ್ತದೆ ಎನ್ನಿ. ಎಲೆ ದಿನಕ್ಕೆ 1 ಸೆಂಟಿಮೀಟರ್ ಬೆಳೆದರೆ ಹತ್ತು ದಿನದ ಮೇಲೆ ವಿಸ್ತೀರ್ಣ 20, ಮಚ್ಚೆ 4.5, ತೀವ್ರತೆ 22.5%. ಎಲೆಯ ಬೆಳವಣಿಗೆ ಪೂರ್ತಿ ನಿಂತಿದ್ದರೆ ಅದೇ ಮಚ್ಚೆಗೆ ತೀವ್ರತೆ 30%. ಎರಡೂ ಕಡೆ ರೋಗಾಣುವಿನ ವೇಗ ಒಂದೇ. ಬಿಸಿಯ ವರ್ಷದಲ್ಲಿ ತೀವ್ರತೆ ಏರಿದ್ದನ್ನು ಕಂಡು ‘ಬಿಸಿಗೆ ರೋಗಾಣು ಚುರುಕಾಯಿತು’ ಎಂದು ಬರೆಯುವ ಮುಂಚೆ, ಹುಲ್ಲೇ ಬಳಲಿ ಬೆಳವಣಿಗೆ ಕುಗ್ಗಿತ್ತೇ ಎಂದು ನೋಡಬೇಕಾದದ್ದು ಇದಕ್ಕೇ. ಜೋಸ್ಟೆರಾ ಮರೀನಾ 15ರಿಂದ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, 25 ದಾಟಿದರೆ ಬಳಲುತ್ತದೆ. ಹುಲ್ಲಿಗೂ ರೋಗಾಣುವಿಗೂ ತಾಪಮಾನದ ವಕ್ರರೇಖೆಯನ್ನು ಬೇರೆ ಬೇರೆ ಬರೆಯಿರಿ. ಎರಡಕ್ಕೂ ಸೇರಿ ಒಂದೇ ನೇರಗೆರೆ ಎಳೆದರೆ ಉತ್ತರ ಅಲ್ಲೇ ಮುಚ್ಚಿಹೋಗುತ್ತದೆ.

ಇಡೀ ಹುಲ್ಲುಗಾವಲಿಗೂ ಇದೇ ಮಾತು. ಸರಳವಾದ ಮಾಡೆಲ್ ತೆಗೆದುಕೊಳ್ಳಿ. ಎಲೆಗಳ ಒಟ್ಟು ಸಂಖ್ಯೆ ಸ್ಥಿರ, ಉದುರಿದ ಪ್ರತಿ ಎಲೆಯ ಜಾಗಕ್ಕೆ ಒಂದು ಆರೋಗ್ಯದ ಎಲೆ ಬರುತ್ತದೆ. ಸೋಂಕು ತಗಲುವ ದರ ಬೀಟಾ, ಎಲೆ ವಯಸ್ಸಾಗಿ ಉದುರುವ ದರ ಮ್ಯೂ, ರೋಗದಿಂದಾಗಿ ಹೆಚ್ಚುವರಿಯಾಗಿ ಉದುರುವ ದರ ಡೆಲ್ಟಾ. ಸಮಸ್ಥಿತಿಗೆ ಬಂದಾಗ ರೋಗವ್ಯಾಪ್ತಿ, 1ರಲ್ಲಿ (ಮ್ಯೂ + ಡೆಲ್ಟಾ) ÷ ಬೀಟಾ ಕಳೆದಷ್ಟು. ಬೀಟಾ ದಿನಕ್ಕೆ 0.10, ಮ್ಯೂ 0.02, ಡೆಲ್ಟಾ 0.03 ಎಂದಿಟ್ಟರೆ ವ್ಯಾಪ್ತಿ 50%. ಈಗ ಮೂರನ್ನೂ ಎರಡರಷ್ಟು ಮಾಡಿ: 0.20, 0.04, 0.06. ಆಗಲೂ 50%. ಮೊದಲನೆಯದು ನಿಧಾನವಾಗಿ ಕೊರೆಯುವ ರೋಗ, ಎರಡನೆಯದರಲ್ಲಿ ಎಲೆಗಳು ಎರಡರಷ್ಟು ವೇಗವಾಗಿ ಸಾಯುತ್ತಿವೆ. ಹುಲ್ಲುಗಾವಲು ಉಳಿಯುತ್ತದೋ ಅಳಿಯುತ್ತದೋ ಎಂಬ ಉತ್ತರವೇ ಬೇರೆಯಾಗಬಹುದು. ವರ್ಷಕ್ಕೊಮ್ಮೆ ಜುಲೈನಲ್ಲಿ ಹೋಗಿ ಎಣಿಸಿ ಬಂದರೆ ಎರಡೂ ಒಂದೇ ಥರ ಕಾಣುತ್ತವೆ.

ಇವನ್ನು ಬೇರ್ಪಡಿಸಲು ಎರಡು ದಾರಿ ಇವೆ. ಒಂದು, ಋತುವಿನ ಆರಂಭದಿಂದಲೇ ಎಣಿಸುವುದು. ಇದೇ ಲೆಕ್ಕದಲ್ಲಿ ವ್ಯಾಪ್ತಿ 5%ನಿಂದ 45%ಗೆ ಏರಲು ಮೊದಲನೆಯದಕ್ಕೆ ಸುಮಾರು 88 ದಿನ ಬೇಕು, ಎರಡನೆಯದಕ್ಕೆ 44. ಹತ್ತು–ಹದಿನಾಲ್ಕು ದಿನಕ್ಕೊಮ್ಮೆ ಎಣಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡು ತಿಂಗಳಿಗೊಮ್ಮೆ ಎಣಿಸಿದರೆ ಏರುವ ಹೊತ್ತೇ ಕೈತಪ್ಪಿರುತ್ತದೆ. ಇನ್ನೊಂದು ದಾರಿ, ಎಲೆ ಬದಲಾಗುವ ದರವನ್ನು ನೇರವಾಗಿ ಅಳೆಯುವುದು. ಎಲೆಕವಚದ (ಎಲೆಗಳ ಬುಡವನ್ನು ಸುತ್ತಿರುವ ಕೊಳವೆ) ಮೇಲ್ತುದಿಯ ಹತ್ತಿರ ಸಣ್ಣ ಇಂಜೆಕ್ಷನ್ ಸೂಜಿಯಿಂದ ತೆಂಡೆಯ ಎಲ್ಲ ಎಲೆಗಳನ್ನೂ ತೂರಿ ಒಂದು ತೂತು ಮಾಡಿ, ಗುರುತಿಗೆ ಪಟ್ಟಿ ಕಟ್ಟಿ ಬರುತ್ತಾರೆ. ಒಂದೆರಡು ವಾರ ಬಿಟ್ಟು ತೆಂಡೆಯನ್ನು ಕಿತ್ತು, ಬೆಳವಣಿಗೆ ನಿಂತ ಹೊರಎಲೆಯ ತೂತಿನಿಂದ ಒಳಎಲೆಯ ತೂತು ಎಷ್ಟು ಮೇಲಕ್ಕೆ ಸರಿದಿದೆ ಎಂದು ಅಳೆಯುತ್ತಾರೆ. ಅಷ್ಟು ಬೆಳೆದಿದೆ ಎಂದರ್ಥ. ತೂತೇ ಇಲ್ಲದ ಎಲೆಗಳು ನಡುವೆ ಹುಟ್ಟಿದವು. ಅವನ್ನು ಎಣಿಸಿದರೆ ಹೊಸ ಎಲೆ ಬರುವ ದರ ಸಿಗುತ್ತದೆ. ಎಲೆಗಳ ಸಂಖ್ಯೆ ಸ್ಥಿರವಾಗಿದ್ದರೆ ಎಲೆ ಉದುರುವ ಒಟ್ಟು ದರವೂ ಅಷ್ಟೇ. ಸೂಜಿ ದಪ್ಪವಾದರೆ ಎಲೆ ತೂತಿನ ಬಳಿಯೇ ಮುರಿಯುತ್ತದೆ, ಗಾಯದ ಸುತ್ತ ಕಪ್ಪಾಗಿ ಮಚ್ಚೆಯೆಂದು ಮೋಸ ಹೋಗುವುದೂ ಉಂಟು. ಅದಕ್ಕೇ ತೂತು ಮಾಡಿದ ತೆಂಡೆಗಳನ್ನು ರೋಗದ ಎಣಿಕೆಗೆ ಸೇರಿಸುವುದಿಲ್ಲ.

ಮಚ್ಚೆ ಅಳೆಯುವ ವಿಧಾನ ನಿಮಗೆ ಹೊಸದೆನಿಸಲಾರದು, ಆದರೆ ತಪ್ಪುವ ಜಾಗಗಳು ಬೇರೆ. ಪ್ರತಿ ತೆಂಡೆಯಿಂದ ಒಂದೇ ಸ್ಥಾನದ ಎಲೆ, ಸಾಮಾನ್ಯವಾಗಿ ಒಳಗಿನಿಂದ ಮೂರನೆಯದು, ತೆಗೆಯುತ್ತಾರೆ. ಒಂದು ತಂಡ ಎರಡನೆಯದನ್ನೂ ಇನ್ನೊಂದು ತಂಡ ನಾಲ್ಕನೆಯದನ್ನೂ ತೆಗೆದರೆ ವಯಸ್ಸಿನ ವ್ಯತ್ಯಾಸವೇ ರೋಗದ ವ್ಯತ್ಯಾಸವಾಗಿ ಕಾಣುತ್ತದೆ. ಎಲೆಯನ್ನು ತಂಪಾಗಿಟ್ಟು ತಂದು, ಮೇಲಿನ ಪಾಚಿ, ಕೊಳೆಯನ್ನು ಬೆರಳಿನಿಂದಲೋ ಮೊಂಡು ಅಂಚಿನಿಂದಲೋ ಮೆಲ್ಲಗೆ ಸವರಿ ತೆಗೆದು, ಪಾರದರ್ಶಕ ಹಾಳೆಗಳ ನಡುವೆ ಚಪ್ಪಟೆ ಮಾಡಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುತ್ತಾರೆ. ಆ ಗಾತ್ರದಲ್ಲಿ 1 ಸೆಂಟಿಮೀಟರಿಗೆ ಸುಮಾರು 236 ಪಿಕ್ಸೆಲ್, 1 ಚದರ ಮಿಲಿಮೀಟರಿಗೆ ಸುಮಾರು 558. ಹಾಗಾಗಿ ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ ಮಚ್ಚೆಯೂ ಯಂತ್ರಕ್ಕೆ ಸಿಗುತ್ತದೆ. ಮಚ್ಚೆಯನ್ನು ತಾನೇ ಗುರುತಿಸುವ ಈಲೀಸಾ ಎಂಬ ತಂತ್ರಾಂಶವನ್ನು ಅಮೆರಿಕದ ಪೆಸಿಫಿಕ್ ದಡದ ಸಮೀಕ್ಷೆಗಳಲ್ಲಿ ಬಳಸಿದ್ದಾರೆ. ಚಿತ್ರ ಅಳೆಯುವ ತಂತ್ರಾಂಶ ಇಮೇಜ್‌ಜೆಯಲ್ಲಿ ಕೈಯಿಂದಲೂ ಮಾಡಬಹುದು. ಎಲೆಯನ್ನು ಬಹಳ ಹೊತ್ತು ಬಿಟ್ಟರೆ ಅದೇ ಕಪ್ಪಾಗುತ್ತದೆ. ಬಸವನಹುಳು ಕೆರೆದ ಗುರುತು, ಬಿಸಿಲಿಗೆ ಒಣಗಿದ ತುದಿ, ಅಂಟಿಕೊಂಡ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಪದರ ಇವೆಲ್ಲ ಯಂತ್ರದ ಕಣ್ಣಿಗೆ ಮಚ್ಚೆಯೇ. ಯಂತ್ರ ಗುರುತಿಸಿದ್ದರಲ್ಲಿ ಒಂದು ಪಾಲನ್ನು ಇಬ್ಬರು ಬೇರೆ ಬೇರೆಯಾಗಿ ಕಣ್ಣಿಂದ ನೋಡಿ ತಾಳೆ ಹಾಕಬೇಕು. ಆ ತಪ್ಪಿನ ಪ್ರಮಾಣವನ್ನು ಮಾಡೆಲಿನೊಳಕ್ಕೂ ತರಬೇಕು.

ತಾಪಮಾನದ ದತ್ತಾಂಶದಲ್ಲಿ ಹೊಸಬರು ಎಡವುವುದು ಹೆಚ್ಚು. ಉಪಗ್ರಹದಿಂದ ಬರುವ ಸಮುದ್ರದ ಮೇಲ್ಮೈ ತಾಪಮಾನ ದಿನದಿನಕ್ಕೂ ಉಚಿತವಾಗಿ ಸಿಗುತ್ತದೆ. ಅಮೆರಿಕದ ನೋವಾ ಸಂಸ್ಥೆಯ ಓಐಎಸ್‌ಎಸ್‌ಟಿ ಕಾಲು ಡಿಗ್ರಿ ಚೌಕಗಳಲ್ಲಿದೆ, ಅಂದರೆ ಸುಮಾರು 25 ಕಿಲೋಮೀಟರ್. ಅದೇ ಸಂಸ್ಥೆಯ ಕೋರಲ್ ರೀಫ್ ವಾಚ್ 5 ಕಿಲೋಮೀಟರ್, ನಾಸಾದ ಮರ್ ಸುಮಾರು 1 ಕಿಲೋಮೀಟರ್. ಹುಲ್ಲುಗಾವಲು ಇರುವುದು ದಡದ ಪಕ್ಕದ ತೆಳುನೀರಿನಲ್ಲಿ. 25 ಕಿಲೋಮೀಟರ್ ಚೌಕದಲ್ಲಿ ಅರ್ಧ ನೆಲ, ಉಳಿದರ್ಧ ಆಳನೀರು ಬಂದುಬಿಟ್ಟರೆ ಆ ಅಂಕಿಗೂ ಎಲೆ ಅನುಭವಿಸಿದ ಬಿಸಿಗೂ ಸಂಬಂಧವೇ ಉಳಿಯುವುದಿಲ್ಲ. ಇಳಿತದ ಹೊತ್ತಿಗೆ ಹುಲ್ಲು ನೀರಿನಿಂದ ಹೊರಬಿದ್ದು ಬಿಸಿಲಿಗೆ ಒಡ್ಡಿಕೊಳ್ಳುವುದಂತೂ ಈ ಅಂಕಿಗಳಲ್ಲಿ ಕಾಣುವುದಿಲ್ಲ. ಜಾಗದಲ್ಲೇ ಹೂತಿಟ್ಟ ಲಾಗರ್, ಅಂದರೆ ತಾಪಮಾನವನ್ನು ತಾನೇ ದಾಖಲಿಸುವ ಪುಟ್ಟ ಸಾಧನ ಬೇಕು, 15 ನಿಮಿಷಕ್ಕೊಂದು ಓದು ಸಾಕು. ಲಾಗರ್ ಇಲ್ಲದ ವರ್ಷಗಳಿಗೆ ಉಪಗ್ರಹದ ಅಂಕಿಯನ್ನು ಲಾಗರಿಗೆ ಹೊಂದಿಸಿ ತಿದ್ದಿಕೊಂಡು ಬಳಸಿ.

ಬರಿಯ ಸರಾಸರಿ ತಾಪಕ್ಕಿಂತ, ಆ ಜಾಗದ ವಾಡಿಕೆಗಿಂತ ಎಷ್ಟು ಹೆಚ್ಚು, ಎಷ್ಟು ದಿನ ಎಂಬುದು ರೋಗಕ್ಕೆ ಹೆಚ್ಚು ಹೊಂದುತ್ತದೆ. ಪೆಸಿಫಿಕ್ ದಡದ ಸಮೀಕ್ಷೆಗಳಲ್ಲಿ ರೋಗದ ಏರಿಕೆಯೊಡನೆ ತಾಳೆಯಾಗಿರುವುದು ಇಂಥ ವಾಡಿಕೆ ಮೀರಿದ ಬಿಸಿಯೇ. ಕಡಲಿನ ಬಿಸಿಯಲೆಗೆ ಸಾಮಾನ್ಯವಾಗಿ ಒಪ್ಪಿರುವ ಅಳತೆ, ದೀರ್ಘಾವಧಿಯ ದತ್ತಾಂಶದಲ್ಲಿ ಆ ದಿನಾಂಕಕ್ಕಿರುವ 90ನೇ ಶತಮಾಂಶವನ್ನು (ನೂರರಲ್ಲಿ ತೊಂಬತ್ತು ಓದುಗಳು ಅದಕ್ಕಿಂತ ಕೆಳಗಿರುವ ಮಟ್ಟ) ಸತತ 5 ದಿನವಾದರೂ ಮೀರಿರಬೇಕು ಎಂಬುದು. ಆರ್‌ನಲ್ಲಿ ಹೀಟ್‌ವೇವ್‌ಆರ್ ಪ್ಯಾಕೇಜ್ ಇದನ್ನು ಮಾಡಿಕೊಡುತ್ತದೆ. ಎಚ್ಚರ ಒಂದೇ: ಹತ್ತಾರು ಕಿಟಕಿಗಳನ್ನು, ಅಂದರೆ ಏಪ್ರಿಲ್, ಮೇ, ಜೂನ್, 30 ದಿನ, 60 ದಿನ, 90 ದಿನ, ಎಲ್ಲವನ್ನೂ ಪ್ರಯತ್ನಿಸಿ ಚೆನ್ನಾಗಿ ಹೊಂದಿದ ಒಂದನ್ನು ಮಾತ್ರ ವರದಿ ಮಾಡಿದರೆ ಅದು ಆಕಸ್ಮಿಕದ ಫಲವಾಗಿರುವ ಸಂಭವ ಹೆಚ್ಚು. ಜೀವಶಾಸ್ತ್ರದ ಕಾರಣ ಕೊಟ್ಟು ಕಿಟಕಿಯನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಸಂಖ್ಯಾಶಾಸ್ತ್ರದಲ್ಲಿ ಎರಡು ಗಂಟುಗಳು. ತೀವ್ರತೆ 0ಯಿಂದ 1ರ ನಡುವಿನ ಸಂಖ್ಯೆ, ಅದರಲ್ಲೂ ಸೊನ್ನೆಗಳು ರಾಶಿ ಇರುತ್ತವೆ. ಲಾಗಿಟ್ ಮಾಡಿ ಸಾಮಾನ್ಯ ರಿಗ್ರೆಷನ್‌ಗೆ ಹಾಕುವ ಹಳೆಯ ಅಭ್ಯಾಸ ಬಿಟ್ಟು, ಸೊನ್ನೆಗೆ ಬೇರೆ ಭಾಗ ಇರುವ ಬೀಟಾ ಹಂಚಿಕೆಯ ಮಾಡೆಲ್ ಬಳಸಿ (ಮೇಲೆ ಹೇಳಿದ ಸೋಂಕಿನ ದರ ಬೀಟಾ ಬೇರೆ, ಇದು ಬೇರೆ). ಆರ್ ಭಾಷೆಯ ಪ್ಯಾಕೇಜ್‌ಗಳಾದ ಗ್ಲಿಮ್‌ಟಿಎಂಬಿ ಇಲ್ಲವೇ ಬಿಆರ್‌ಎಂಎಸ್ ಸಾಕು. ಇನ್ನೊಂದು ಗಂಟು ಸ್ವತಂತ್ರತೆಯದು. ಗೆಡ್ಡೆಕಾಂಡ ಹಬ್ಬಿ ಬೆಳೆಯುವ ಹುಲ್ಲಾದ್ದರಿಂದ ಪಕ್ಕಪಕ್ಕದ ತೆಂಡೆಗಳು ಒಂದೇ ಗಿಡದವಾಗಿರಬಹುದು. ಒಂದು ಜಾಗದಿಂದ 60 ತೆಂಡೆ ತಂದರೆ 60 ಸ್ವತಂತ್ರ ಅಂಕಿ ಸಿಕ್ಕಿತು ಎಂದುಕೊಳ್ಳುವಂತಿಲ್ಲ. ಜಾಗ, ಅದರೊಳಗೆ ಸಾಲು ಎಂಬ ಮಟ್ಟಗಳನ್ನು ಮಾಡೆಲಿನಲ್ಲಿ ಇಡಿ. ಪರೀಕ್ಷೆಗೆ ಕಂಡಕಂಡ ಹಾಗೆ ಕೆಲವು ಎಲೆಗಳನ್ನು ಪಕ್ಕಕ್ಕಿಡುವ ಬದಲು, ಒಂದಿಡೀ ಜಾಗವನ್ನೋ ಒಂದಿಡೀ ವರ್ಷವನ್ನೋ ಪಕ್ಕಕ್ಕಿಟ್ಟು ನೋಡಿ. ಮೊದಲ ವಿಧಾನದಲ್ಲಿ ಮಿಂಚಿದ ಮಾಡೆಲ್ ಎರಡನೆಯದರಲ್ಲಿ ಕುಸಿದರೆ, ಅದು ಕಲಿತದ್ದು ಆ ಜಾಗದ ಗುರುತನ್ನು, ರೋಗವನ್ನಲ್ಲ.

ಜಾಗದಿಂದ ಜಾಗಕ್ಕೆ ಹರಡುವುದನ್ನು ತೋರಿಸಲು ಸಾಗರಪ್ರವಾಹದ ಮಾಡೆಲ್ ಮೇಲೆ ಕಣಗಳನ್ನು ತೇಲಿಬಿಡುತ್ತಾರೆ. ಪೈಥಾನ್‌ನ ಓಪನ್‌ಡ್ರಿಫ್ಟ್ ಇದಕ್ಕೆ ಒಳ್ಳೆಯ ಆರಂಭ. ಆದರೆ ಇದನ್ನು ಕೊನೆಗೆ ಇಟ್ಟುಕೊಳ್ಳಿ. ತೇಲುವ ಎಲೆಯಲ್ಲಿ ರೋಗಾಣು ಎಷ್ಟು ದಿನ ಸೋಂಕು ಹಚ್ಚಬಲ್ಲದು ಎಂಬ ಅಳತೆ ಇಲ್ಲದೆ ನಕ್ಷೆಯಲ್ಲಿ ಬಾಣಗಳನ್ನು ಎಳೆದರೆ ನೋಡಲು ಚೆಂದ, ನಿರ್ಧಾರಕ್ಕೆ ಬಾರದು.

ಹುಲ್ಲು ಕಡಿಮೆಯಾದ ಕಡೆಯೆಲ್ಲ ರೋಗವನ್ನೇ ದೂರಬೇಡಿ. ಲಕ್ಷದ್ವೀಪದ ಅಗತ್ತಿಯಲ್ಲಿ ಕಡಲಹುಲ್ಲು ಕರಗಿದ್ದು ಹಸಿರು ಆಮೆಗಳು ಗುಂಪುಗುಂಪಾಗಿ ಮೇಯ್ದದ್ದರಿಂದ. ಕೆಸರುನೀರು, ಬೆಳಕಿನ ಕೊರತೆ, ಹೂಳೆತ್ತುವ ಕೆಲಸ, ದೋಣಿಯ ಲಂಗರು ಇವೂ ಹುಲ್ಲನ್ನು ತೆಗೆಯುತ್ತವೆ. ಮಾಡೆಲಿನಲ್ಲಿ ರೋಗವಲ್ಲದ ಸಾವಿಗೆ ಒಂದು ಪದ ಇರಲೇಬೇಕು.

ಇನ್ನು ಪಾಚಿ. ದೇಶ ಬಿಟ್ಟು ಹೋಗುವ ಮನಸ್ಸಿಲ್ಲದಿದ್ದರೆ ನಿಮಗೆ ಹತ್ತಿರದ ವಿಷಯ ಇದೇ. ತಮಿಳುನಾಡಿನ ರಾಮನಾಥಪುರದ ಕಡಲಂಚಿನಲ್ಲಿ ಕಪ್ಪಾಫೈಕಸ್ ಎಂಬ ಪಾಚಿಯನ್ನು ಬಿದಿರಿನ ತೆಪ್ಪಕ್ಕೆ ಹಗ್ಗ ಕಟ್ಟಿ ಬೆಳೆಸುತ್ತಾರೆ, ಸುಮಾರು 45 ದಿನಕ್ಕೆ ಕೊಯ್ಲು. ಅದಕ್ಕೆ ಬರುವ ‘ಐಸ್-ಐಸ್’ ಎಂಬ ರೋಗದಲ್ಲಿ ಕೊಂಬೆ ಬಿಳಿಚಿ, ಮೆತ್ತಗಾಗಿ, ಮುರಿದು ಬೀಳುತ್ತದೆ. ಬಿಸಿನೀರು, ಮಳೆಯಿಂದ ತಗ್ಗಿದ ಉಪ್ಪು, ಅಲುಗದ ನೀರು ಮೊದಲು ಪಾಚಿಯನ್ನು ಬಳಲಿಸುತ್ತವೆ, ಆಮೇಲೆ ವಿಬ್ರಿಯೊದಂಥ ಬ್ಯಾಕ್ಟೀರಿಯಾಗಳು ಮೇಲೆ ಬೀಳುತ್ತವೆ. ಒಂದೇ ರೋಗಾಣು ಒಬ್ಬರಿಂದ ಒಬ್ಬರಿಗೆ ಅಂಟುವ ಕಥೆ ಇದಲ್ಲ. ಅದಕ್ಕೇ ಇಲ್ಲಿ ಬೀಟಾ ಇರುವ ಸೋಂಕಿನ ಮಾಡೆಲಿಗಿಂತ, ‘ಈ ತೆಪ್ಪ ಎಷ್ಟನೇ ದಿನ ಬಿಳಿಚಬಹುದು’ ಎಂದು ಕೇಳುವ ಸರ್ವೈವಲ್ ವಿಶ್ಲೇಷಣೆ ಹೆಚ್ಚು ಸರಿ ಎಂಬುದು ನಮ್ಮ ಅಭಿಪ್ರಾಯ. ರೋಗ ಕಂಡ ಕೂಡಲೇ ಬೆಳೆಗಾರರು ಅವಧಿಗೆ ಮುಂಚೆಯೇ ಕೊಯ್ದುಬಿಡುತ್ತಾರೆ. ಅಂಥ ತೆಪ್ಪಗಳನ್ನು ‘ರೋಗ ಬರಲಿಲ್ಲ’ ಎಂದು ಬರೆದುಕೊಂಡರೆ ಲೆಕ್ಕ ಕೆಡುತ್ತದೆ. ಬಿತ್ತನೆಗೆ ಅದೇ ಕೊಂಬೆಗಳನ್ನು ಮತ್ತೆ ಮತ್ತೆ ತುಂಡು ಮಾಡಿ ಕಟ್ಟುವುದರಿಂದ ಎಲ್ಲ ತೆಪ್ಪಗಳ ತಳಿಯೂ ಒಂದೇ, ತಡೆಯುವ ಶಕ್ತಿಯಲ್ಲಿ ವೈವಿಧ್ಯ ಇಲ್ಲ ಎಂಬುದನ್ನೂ ನೆನಪಿಡಿ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ಸಿಎಸ್‌ಎಂಸಿಆರ್‌ಐಗೆ ಮಂಡಪಂನಲ್ಲಿ ಕೇಂದ್ರವಿದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐಗೆ ಮಂಡಪಂ, ಮಂಗಳೂರು, ಕಾರವಾರಗಳಲ್ಲಿ ನೆಲೆಗಳಿವೆ. ಎರಡು ವರ್ಷದ ರಾಷ್ಟ್ರೀಯ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ಪಿಗೆ, ಈಗ ಕೇಂದ್ರದ ಸಂಶೋಧನಾ ಪ್ರತಿಷ್ಠಾನ ಎಎನ್‌ಆರ್‌ಎಫ್ ಅಡಿಯಲ್ಲಿರುವುದಕ್ಕೆ, ಅಂಥ ಸಂಸ್ಥೆಯ ಮಾರ್ಗದರ್ಶಕರ ಒಪ್ಪಿಗೆ ಪಡೆದು ಅರ್ಜಿ ಹಾಕಬಹುದು. ವಯೋಮಿತಿ ಇರುವುದರಿಂದ ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ.

ಮೈಸೂರು–ಮಂಡ್ಯದಲ್ಲಿ ಕುಳಿತೇ ಮಾಡಬಹುದಾದ ತಯಾರಿ ಬಹಳಷ್ಟಿದೆ. ಅಕ್ವೇರಿಯಂ ಅಂಗಡಿಯಲ್ಲಿ ವ್ಯಾಲಿಸ್ನೇರಿಯಾ ಸಿಗುತ್ತದೆ. ಪಟ್ಟಿಯಂಥ ಎಲೆ, ಬುಡದಿಂದ ಬೆಳವಣಿಗೆ. ಒಂದು ಸಿಮೆಂಟ್ ತೊಟ್ಟಿಯಲ್ಲಿ ಮಣ್ಣು, ಮೇಲೆ ತೊಳೆದ ಮರಳು ಹಾಕಿ ನೆಟ್ಟು, ಗಿಡ ಬೇರುಬಿಟ್ಟ ಮೇಲೆ ಸೂಜಿತೂತಿನ ವಿಧಾನವನ್ನು ಅದರ ಮೇಲೆ ಅಭ್ಯಾಸ ಮಾಡಿ. ವ್ಯಾಲಿಸ್ನೇರಿಯಾಗೆ ಜೋಸ್ಟೆರಾದಂತೆ ಎಲೆಕವಚ ಇಲ್ಲ, ಆದ್ದರಿಂದ ಬುಡದ ಗಂಟಿನಿಂದ ನಿಗದಿತ ಎತ್ತರದಲ್ಲಿ ಚುಚ್ಚಿ, ಅಳೆಯುವಾಗಲೂ ಅದೇ ಗಂಟಿನಿಂದ ಅಳೆಯಿರಿ. ತೊಟ್ಟಿಯ ಅರ್ಧಕ್ಕೆ ನೆರಳು ಕಟ್ಟಿ ಎರಡು ಕಡೆಯ ಬೆಳವಣಿಗೆ ಹೋಲಿಸಿದರೆ, ದರ ಅಳೆದು ಅದರ ಅನಿಶ್ಚಿತತೆ ಬರೆಯುವ ಪೂರ್ತಿ ಅಭ್ಯಾಸ ಆದಂತೆ. ಸ್ಕ್ಯಾನಿಂಗ್ ಕಲಿಯಲು ನಿಮ್ಮ ಬಳಿ ಇರುವ ಬೆಂಕಿರೋಗದ ಎಲೆಗಳೇ ಸಾಕು. ಕಣ್ಣಳತೆಯ ಅಂಕವನ್ನೂ ಪಿಕ್ಸೆಲ್ ಅಳತೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಣ್ಣ ಮಚ್ಚೆಗಳಿರುವ ಎಲೆಯಲ್ಲಿ ಕಣ್ಣು ಹೆಚ್ಚು ಅಂಕ ಕೊಡುವುದು ತಕ್ಷಣ ಗೊತ್ತಾಗುತ್ತದೆ. ವೇಸ್ಟಿಂಗ್ ರೋಗದ ಸಮೀಕ್ಷೆಗಳ ದತ್ತಾಂಶ ಡ್ರಯಾಡ್, ಜೆನೋಡೊದಂಥ ತೆರೆದ ಭಂಡಾರಗಳಲ್ಲಿ ಹುಡುಕಿದರೆ ಸಿಗುತ್ತದೆ. ಒಂದನ್ನು ಇಳಿಸಿಕೊಂಡು, ಅವರ ಮುಖ್ಯ ಚಿತ್ರವೊಂದನ್ನು ನಿಮ್ಮ ಕೋಡಿನಿಂದ ಮತ್ತೆ ಬಿಡಿಸಿ, ಅದರ ಮೇಲೆ ‘ಒಂದಿಡೀ ಜಾಗ ಪಕ್ಕಕ್ಕಿಡುವ’ ಪರೀಕ್ಷೆ ಮಾಡಿ, ಗಿಟ್‌ಹಬ್‌ನಲ್ಲಿ ಹಾಕಿ. ಅರ್ಜಿಯಲ್ಲಿ ಹತ್ತು ಸಾಲಿನ ಆಸಕ್ತಿಯ ಮಾತಿಗಿಂತ ಈ ಒಂದು ಕೊಂಡಿ ಹೆಚ್ಚು ತೂಗುತ್ತದೆ.

ಈಜು ಬಂದರೆ ಒಳ್ಳೆಯದು, ಸ್ಕೂಬಾ ಕಡ್ಡಾಯವಲ್ಲ. ಎಷ್ಟೋ ಹುಲ್ಲುಗಾವಲುಗಳಿಗೆ ಇಳಿತದ ಹೊತ್ತಿನಲ್ಲಿ ಮಂಡಿಯುದ್ದ ಬೂಟು ಹಾಕಿ ನಡೆದೇ ಹೋಗುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತಗಳೇ ಕೆಲಸದ ದಿನಗಳು. ಉಬ್ಬರ ತಿರುಗುವ ಮುಂಚೆ ಎರಡು ಮೂರು ಗಂಟೆಯಲ್ಲಿ ಎಲ್ಲ ಮುಗಿಯಬೇಕು.

ಪತ್ರ ಬರೆಯುವಾಗ ಮೊದಲ ಪ್ಯಾರಾದಲ್ಲೇ ಅವರ ರೋಗಕ್ಕೂ ನಿಮ್ಮ ಲೆಕ್ಕಕ್ಕೂ ಇರುವ ಸಂಬಂಧ ಬರಲಿ: ‘ಏಕದಳ ಸಸ್ಯದ ಎಲೆರೋಗದಲ್ಲಿ ದರಗಳನ್ನು ಹೊಲದ ಅಂಕಿಗಳಿಂದ ಅಂದಾಜಿಸಿದ್ದೇನೆ, ಎಲೆ ಬದಲಾಗುವ ದರ ಸೇರಿಸಿದರೆ ನಿಮ್ಮ ಸಮೀಕ್ಷೆಯ ಅಂಕಿಗಳಿಂದ ಏನು ತಿಳಿಯಬಹುದು ಎಂಬುದು ನನ್ನ ಪ್ರಶ್ನೆ’ ಎಂಬಷ್ಟು ಸ್ಪಷ್ಟವಾಗಿ. ಸಂದರ್ಶನದಲ್ಲಿ ನೀವು ಕೇಳಬೇಕಾದ ಪ್ರಶ್ನೆಗಳೂ ಇವೆ. ಈಗಾಗಲೇ ಎಷ್ಟು ವರ್ಷದ ದತ್ತಾಂಶ ಕೈಯಲ್ಲಿದೆ, ಯಾವ ಅಂತರದಲ್ಲಿ ಎಣಿಸಿದ್ದು? ಬೆಳವಣಿಗೆಯ ದರ ಅಳೆದಿದ್ದಾರೆಯೇ? ಲಾಗರ್ ಇದೆಯೇ? ಹೊಲದ ಕೆಲಸ ಬೇಸಿಗೆಯ ಕೆಲವೇ ತಿಂಗಳು ಇರುವುದರಿಂದ, ನೀವು ಅಕ್ಟೋಬರಿನಲ್ಲಿ ಸೇರಿದರೆ ಮೊದಲ ಎಂಟು ತಿಂಗಳು ಹೊಸ ಅಂಕಿ ಬರುವುದಿಲ್ಲ. ಆ ಅವಧಿಗೆ ಹಳೆಯ ದತ್ತಾಂಶ ಇಲ್ಲವೆಂದಾದರೆ ಎರಡು ವರ್ಷದ ಯೋಜನೆ ಒಂದು ವರ್ಷದ್ದಾಗುತ್ತದೆ. ಯುರೋಪಿನ ಲ್ಯಾಬ್ ಆದರೆ ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್ಪಿಗೂ ಜೊತೆಯಾಗಿ ಅರ್ಜಿ ಹಾಕುವ ದಾರಿ ಇದೆ. ಪಿಎಚ್‌ಡಿ ಆಗಿ 8 ವರ್ಷದೊಳಗಿರಬೇಕು, ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ನಿಮಗೆ ಎರಡೂ ಅಡ್ಡಿಯಾಗುವುದಿಲ್ಲ.

ಮುಂದೆ ಪಾಕ್ ಕೊಲ್ಲಿಯ ಹುಲ್ಲನ್ನೋ ಅಲ್ಲಿಂದ ಬೇರ್ಪಡಿಸಿದ ಲ್ಯಾಬಿರಿಂಥುಲಾವನ್ನೋ ಆ ಲ್ಯಾಬಿಗೆ ಒಯ್ಯುವ ಆಲೋಚನೆ ಬಂದರೆ, 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ. ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯ ವಿಷಯವನ್ನು ಯೋಜನೆಯ ಮೊದಲ ತಿಂಗಳಲ್ಲೇ ಕೈಗೆತ್ತಿಕೊಳ್ಳಿ. ಜೋಸ್ಟೆರಾ ಮರೀನಾ ನಮ್ಮ ಕಡಲಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಅಲ್ಲಿ ಕಟ್ಟಿದ ತಾಪಮಾನದ ವಕ್ರರೇಖೆಗಳನ್ನು ಇಲ್ಲಿನ ಸೈಮೊಡೋಸಿಯಾ, ತಲಾಸಿಯಾಗಳಿಗೆ ನೇರವಾಗಿ ಹಚ್ಚುವಂತಿಲ್ಲ. ಆ ದರಗಳನ್ನು ಇಲ್ಲಿನ ಹುಲ್ಲಿನ ಮೇಲೆ, ಇಲ್ಲಿನ ಬಿಸಿನೀರಿನಲ್ಲಿ ಹೊಸದಾಗಿ ಅಳೆಯಬೇಕು, ಮತ್ತು ಅದು ವಾಪಸು ಬಂದ ಮೇಲೆ ನೀವೇ ಕೈಗೆತ್ತಿಕೊಳ್ಳಬಹುದಾದ ಕೆಲಸ.